ಸದ್ಯ, ಲಕ್ಸೆಂಬರ್ಗಿನಲ್ಲಿ ನೀರಿದೆ!

ಕೇಳ್ರಪ್ಪಾ, ಇವತ್ತು ಈ ಪರದೇಶದ ಗಿಗಿರಿ ಬಡಾವಣೆಯ ನಮ್ಮ ಆಫೀಸಿನಲ್ಲಿ ನನ್ನ ಜಂಬ ಇಳಿಯಿತು. ಆದರೂ ಮನಸ್ಸು ಹಗುರವಾಗಿದೆ.

ಮುಂದಿನ ವಾರ ನಾನೂ ನನ್ನ ಸಹೋದ್ಯೋಗಿ, ಭಟ್ಕಳದ ನಸ್ರೀನೂ ಮೀಟಿಂಗಿಗೆಂದು ಲಕ್ಸೆಂಬರ್ಗಿಗೆ ಹೊರಟಿದ್ದೇವೆ. ಆಫೀಸಿನವರು ಹೇಳಿದ ದೊಡ್ಡ ಹೋಟೆಲನ್ನು ಬಿಟ್ಟು ಇವಳು ಮುಸ್ಲಿಂ ಪ್ರವಾಸಿಗರಿಗೆ ಅನುಕೂಲವಿರುವ ಸಣ್ಣ ಹೋಟೆಲೊಂದನ್ನು ಹುಡುಕಿಕೊಂಡಿದ್ದಳು. "ನಾಲ್ಕು ದಿನಕ್ಕೆ ಇಷ್ಟೆಲ್ಲಾ ಯಾಕೇ ನಿಂಗೆ?" ಎಂದು ನಾನು ಬೆಳಗಿನಿಂದ ರೇಗಿಸುತ್ತಲೇ ಇದ್ದೆ.

ಊಟದ ಹೊತ್ತಿಗೆ ಅವಳು ಸ್ಪೀಕರ್ ಹಾಕಿ ಆ ಹೋಟೆಲಿಗೆ ಫೋನ್ ಮಾಡಿದಳು. ತಿಂಡಿ ಹಲಾಲ್ ತಾನೇ ಎಂದು ಕೇಳಿದಳು. ಹೌದಂತೆ. ನಮಾಜಿಗೆ ದಿಕ್ಕು? ಅದನ್ನೂ ಗೋಡೆಯ ಮೇಲೆ ಗುರುತು ಮಾಡಿದ್ದಾರಂತೆ, ಚಾಪೆಯನ್ನೂ ಕೊಡುತ್ತಾರಂತೆ. ಆಮೇಲೆ ನಸ್ರೀನ್ ತಡವರಿಸತೊಡಗಿದಳು. "ಇನ್ನೊಂದು ವಿಷಯ... ಹೇಗೆ ಕೇಳೋದು..."

ಆ ಕಡೆಯ ಹೆಂಗಸು ನಕ್ಕುಬಿಟ್ಟಳು. "ಗೊತ್ತಾಯ್ತು ಮೇಡಂ. ನಮ್ಮ ಟಾಯ್ಲೆಟ್ಟಲ್ಲಿ ಬರೀ ಪೇಪರ್ ಅಲ್ಲ, ನೀರಿನ ಪೈಪೂ ಇದೆ."

ನಾನು ಫೋನ್ ಕಿತ್ತುಕೊಂಡು ಕೇಳಿದೆ: "ಇನ್ನೊಂದು ರೂಮ್ ಖಾಲಿ ಇದೆಯಾ?"

ನಸ್ರೀನ್ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮೊಟ್ಟೆನೂ ಮುಟ್ಟದವಳಿಗೆ ಹಲಾಲ್ ಹೋಟೆಲ್ ಯಾಕೇ?"

"ತಿನ್ನೋಕೆ ಬ್ರೆಡ್ಡು, ಬಾಳೆಹಣ್ಣು ಸಾಕು ಕಣೇ. ನೀರಿಲ್ಲದೆ ಮಾತ್ರ ಆಗಲ್ಲ."

ರೂಮು ಸಿಕ್ಕಿತು. ಈಗ ಮನೆಗೆ ಬಂದು, ಸೂಟ್‌ಕೇಸಿನಲ್ಲಿ ಸೀರೆಯೊಳಗೆ ಸುತ್ತಿಟ್ಟಿದ್ದ ಪ್ಲಾಸ್ಟಿಕ್ ಮಗ್ಗನ್ನು ತೆಗೆದು ಬಚ್ಚಲಿಗೆ ವಾಪಸ್ ಇಟ್ಟೆ. ನನ್ನ ಜೊತೆ ಪ್ಯಾರಿಸ್ಸು, ರೋಮು ಎಲ್ಲ ಸುತ್ತಿದ ಮಗ್ಗು ಅದು. ಈ ಸಲ ಅದಕ್ಕೂ ರಜೆ.