ಬಟ್ಟೆ ಹೊದಿಸಿದ ಮೊಬೈಲು

ಬೀದಿಯವರಿಗೆಲ್ಲ ಅವಳು ಹೊಲಿಗೆಯಕ್ಕ. ಮನೆಯ ಮುಂದಿನ ಕೋಣೆಯೇ ಅಂಗಡಿ: ಒಂದು ಮಿಷನ್, ಬಟ್ಟೆ ಕತ್ತರಿಸುವ ಮೇಜು, ಅಳತೆ ಕೊಡುವವರಿಗೆ ಮೂಲೆಯಲ್ಲೊಂದು ಪರದೆ. ಅಂಬೆಗಾಲಿಡುವ ಮಗಳು ಎಲ್ಲಿ ಸೂಜಿಗೆ ಬೆರಳು ಕೊಟ್ಟಾಳೋ ಎಂದು, ಎದ್ದಾಗೆಲ್ಲ ಮಿಷನ್ನಿಗೆ ದಪ್ಪ ಬಟ್ಟೆ ಹೊದಿಸುತ್ತಿದ್ದಳು. ಕೈಗೆ ಅದೆಷ್ಟು ಅಭ್ಯಾಸವೆಂದರೆ, ಮುಚ್ಚಿದರೆ ಕೆಲಸ ಮುಗಿಯಿತೆಂದೇ ಲೆಕ್ಕ.

ಮೊಬೈಲಿನಲ್ಲಿ ಲೈವ್ ಬಂದು ಹೊಲಿಗೆ ಕಲಿಸು ಎಂದು ದುಂಬಾಲು ಬಿದ್ದವಳು ನಾದಿನಿ.

"ಅತ್ತಿಗೆ, ಈ ಆ್ಯಪಲ್ಲಿ ಬನ್ನಿ. ಹುಡುಗೀರೆಲ್ಲ ಇಲ್ಲೇ ಇರೋದು. ಎಷ್ಟು ಹಾರ್ಟ್ ಹಾರಿಸ್ತಾರೆ ನೋಡಿ!"

"ಹಾರ್ಟ್ ಹಾರಿಸಿದ್ರೆ ಕಾಲರ್ ನೆಟ್ಟಗೆ ಕೂರುತ್ತಾ? ಮುಗಿದ್ಮೇಲೆ ವಿಡಿಯೋ ಉಳಿಯುತ್ತಾ ಹೇಳು."

"ಇದ್ರಲ್ಲಿ ಉಳಿಯಲ್ಲ. ಆ ಇನ್ನೊಂದ್ರಲ್ಲಿ ತಾನಾಗೇ ಉಳ್ಕೊಳ್ಳುತ್ತೆ. ಆದ್ರೆ ಅಲ್ಲಿರೋರು ಬರೀ ಅಮ್ಮಂದ್ರು."

"ಅಮ್ಮಂದ್ರೇ ಸಾಕು ಕಣೇ. ತೋಳು ಕತ್ತರಿಸೋದು ಒಂದೇ ಸಲ ನೋಡಿದ್ರೆ ಯಾರಿಗೆ ಬರುತ್ತೆ? ನಂಗೆ ಉಳಿಯೋದೇ ಬೇಕು."

ಉಳಿಯುವುದನ್ನೇ ಆರಿಸಿಕೊಂಡಳು. ಅಮ್ಮಂದಿರೂ ಬಂದರು, ಅರ್ಧಕ್ಕರ್ಧ ಅದೇ ಬೀದಿಯವರು.

ಆ ದಿನ ಕಾಲರ್ ಪಾಠ ನಡೆಯುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಟೀಚರ್ ಬಂದು ನಿಂತರು. ಬೀದಿಯ ಕೊನೆಯ ಶಾಲೆಯವರು. ಆ ಅಮ್ಮಂದಿರ ಮಕ್ಕಳೆಲ್ಲ ಅವರ ಕ್ಲಾಸಿನಲ್ಲೇ ಇದ್ದದ್ದು. ಇತ್ತ ಮಗಳು ಮಿಷನ್ನಿನ ಪೆಡಲಿಗೆ ಕೈ ಹಾಕಿದ್ದಳು. ಹೊಲಿಗೆಯಕ್ಕ ಅವಳನ್ನು ಬಾಚಿ ಕಂಕುಳಿಗೇರಿಸಿ, "ಒಂದ್ನಿಮಿಷ ಬಂದೆ" ಎಂದವಳೇ ಮಿಷನ್ನಿಗೂ ಮುಂದಿದ್ದ ಮೊಬೈಲಿಗೂ ಒಟ್ಟಿಗೇ ಬಟ್ಟೆ ಎಳೆದಳು.

ಮುಚ್ಚಿತು. ಅವಳ ಪಾಲಿಗೆ ಮುಗಿಯಿತು.

ಮಗಳನ್ನು ನೆಲಕ್ಕಿಳಿಸಿ, ಪರದೆಯ ಹಿಂದೆ ಟೀಚರಿಗೆ ತೊಡಿಸಿದ ಅರೆಹೊಲಿದ ಅಂಗಿಗೆ ಗುರುತು ಹಾಕುವಾಗ ಅವಳ ಬಾಯಿ ತುಂಬ ಗುಂಡುಪಿನ್ನು. ಹಾಗಾಗಿ ಮಾತೆಲ್ಲ ಟೀಚರದ್ದೇ.

"ಎಡಗಡೆ ಒಳಗೆ ಇನ್ನೊಂಚೂರು ಹತ್ತಿ ತುಂಬಮ್ಮ. ಆಪರೇಷನ್ ಮಾಡಿ ಎದೆ ತೆಗೆದದ್ದು ಅಂಗಿ ಮೇಲೆ ಗೊತ್ತಾಗ್ಬಾರ್ದು. ನಿನ್ನ ಬಿಟ್ರೆ ಈ ಬೀದೀಲಿ ಯಾರಿಗೂ ಹೇಳಿಲ್ಲ. ಹೇಳಿದ್ರೆ ಆಮೇಲೆ ಯಾರೂ ನನ್ನ ಮುಖ ನೋಡಿ ಮಾತಾಡಲ್ಲ. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತೆ."

"ಹ್ಞೂಂ" ಎಂದಳು ಹೊಲಿಗೆಯಕ್ಕ, ಪಿನ್ನುಗಳ ಸಂದಿಯಿಂದ.

ಟೇಪು ತರಲೆಂದು ಹೊರಬಂದು ಬಟ್ಟೆ ಸರಿಸಿದಳು. ಮೊಬೈಲು ಬೆಳಗುತ್ತಿತ್ತು. ಸಾಲು ಸಾಲಾಗಿ ಮೆಸೇಜು.

"ಅಕ್ಕಾ, ಲೈವ್ ಆಫ್ ಮಾಡಿ!"

"ಅಕ್ಕಾ, ಎಲ್ಲ ಕೇಳಿಸ್ತಿದೆ!"

"ಇದು ನಮ್ಮ ಟೀಚರ್ ಧ್ವನಿ ಅಲ್ವಾ?"

ಕೂಗಲು ಹೋದರೆ ಬಾಯಲ್ಲಿ ಪಿನ್ನು. ನಿಲ್ಲಿಸುವ ಬಟನ್ ಕಣ್ಣೆದುರಿಗೇ ಇದ್ದರೂ ಬೆರಳು ಅದರ ಸುತ್ತಮುತ್ತ ತಡಕಾಡಿತೇ ಹೊರತು ಅದರ ಮೇಲೆ ಬೀಳಲಿಲ್ಲ.

"ಏನಾಯ್ತೇ? ದೆವ್ವ ಕಂಡೋಳ ಹಾಗೆ ನಿಂತಿದ್ದೀಯಲ್ಲ?" ಎನ್ನುತ್ತ ಟೀಚರ್ ಹಿಂದೆ ಬಂದು ಇಣುಕಿದರು. ಓದಿದರು. ಮೇಜಿನ ಅಂಚು ಹಿಡಿದು ನಿಂತರು. ನೆಲದ ಮೇಲೆ ಮಗು ದಾರದ ಉಂಡೆ ಉರುಳಿಸಿ ಕೇಕೆ ಹಾಕುತ್ತಿತ್ತು.

ಆಮೇಲೆ ಹೆಗಲ ಮೇಲಿನ ಅರೆಹೊಲಿದ ಅಂಗಿಯನ್ನು ಎಳೆದುಕೊಂಡು ಮೊಬೈಲಿನ ಮುಂದೆ ಬಾಗಿದರು.

"ಹೌದು, ನಾನೇ. ಕೇಳಿದ್ದಾಯ್ತಲ್ಲ? ನಾಳೆ ಮಕ್ಕಳನ್ನ ಬಿಡೋಕೆ ಬಂದಾಗ ನನ್ನ ಮುಖ ನೋಡಿ ಮಾತಾಡಿ. ಇಷ್ಟು ದಿನ ಹೇಗೋ ಹಾಗೇ."

ಹೊಲಿಗೆಯಕ್ಕನ ಕಡೆ ತಿರುಗಿದರು.

"ಈಗ ನಿಲ್ಸು. ಇದು ಉಳಿಯುತ್ತಾ?"

ಅವಳು ಬಟನ್ ಒತ್ತಿ, ಕಣ್ಣೀರು ಸುರಿಸುತ್ತ ಹೌದೆಂದು ತಲೆಯಾಡಿಸಿದಳು.

"ಹಾಗಿದ್ರೆ ಅಳಿಸು. ಕೇಳಿದೋರು ಕೇಳಿದ್ರು. ಮಿಕ್ಕವರಿಗೆ ಹೇಳೋದಿದ್ರೆ ನಾನೇ ಹೇಳ್ತೀನಿ." ಅವಳ ಗಲ್ಲದ ಕೆಳಗೆ ಅಂಗೈ ಒಡ್ಡಿದರು. "ಅದಕ್ಕೂ ಮೊದ್ಲು ಬಾಯಲ್ಲಿರೋ ಪಿನ್ ಉಗಿ. ನುಂಗಿಗಿಂಗೀಯ!"