ಬಿಸಿ ಬಾನೆಟ್

ಹಳೆಯ ಪಿಕಪ್ ಗಾಡಿ ಮಾರುವುದರಲ್ಲಿ ಅವನದು ಎತ್ತಿದ ಕೈ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಸವೆದ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಕಟಕಟ ಎಂದು ತನ್ನ ವಯಸ್ಸು ಹೇಳಿಬಿಡುತ್ತದೆ. ಬಿಸಿಯೇರಿದರೆ ಹಸುವಿನಷ್ಟು ಸಾಧು. ಅದಕ್ಕೇ ಗಿರಾಕಿ ಬರುವ ಮುಂಚೆ ಅವನು ಗಾಡಿಯನ್ನು ಊರೆಲ್ಲ ಸುತ್ತಿಸಿ ತಂದು ನಿಲ್ಲಿಸುತ್ತಿದ್ದ. ಇವತ್ತಿನ ಗಿರಾಕಿ ಅಕ್ಕನ ಗಂಡ. ಸ್ವಂತ ಭಾವ ಅಂತಲೂ ನೋಡದೆ ಅದನ್ನೇ ಮಾಡಿದ್ದ.

ಭಾವ ಬಾನೆಟ್ ಮೇಲೆ ಕೈಯಿಟ್ಟರು.

"ಬಿಸಿ ಇದೆಯಲ್ಲೋ. ನಮಗೋಸ್ಕರ ಮೊದ್ಲೇ ಓಡಿಸಿ ನೋಡ್ಬಿಟ್ಟಿದೀಯ," ಎಂದರು ಮೆಚ್ಚುಗೆಯಿಂದ. "ನಿಮ್ಮಕ್ಕ ಹೇಳಿದ್ಲು, ಅವನಿರುವಾಗ ಬೇರೆ ಮೆಕ್ಯಾನಿಕ್ ಯಾಕೆ ಅಂತ. ಕೊಡು ಕೀ."

ಬೈದಿದ್ದರೆ ಅವನ ಬಳಿ ಸಾವಿರ ಸಬೂಬು ಇದ್ದವು. ಈ ಮಾತಿಗೆ ಒಂದೂ ಇರಲಿಲ್ಲ. ಕೀ ಹಿಡಿದ ಕೈ ಮುಂದೆ ಬರಲಿಲ್ಲ.

"ಸ್ವಲ್ಪ ಕೂತ್ಕೊಳಿ ಭಾವ. ತಣ್ಣಗಾದ್ಮೇಲೆ ನೀವೇ ಸ್ಟಾರ್ಟ್ ಮಾಡಿ."

ಇಂಜಿನ್ ತಣ್ಣಗಾಗುವವರೆಗೂ ಭಾವ ಮಕ್ಕಳ ಸುದ್ದಿ ಹೇಳಿದರು. ಅವನು ನೆಲ ನೋಡುತ್ತ ಹೂಂಗುಟ್ಟಿದ. ಆಮೇಲೆ ಸ್ಟಾರ್ಟ್ ಮಾಡಿದರು. ಕಟಕಟ ಸದ್ದು ಅಂಗಳವೆಲ್ಲ ತುಂಬಿತು. ಭಾವ ಇಂಜಿನ್ ಆರಿಸಿ, ಇಳಿದು ಬಂದು, ತಣ್ಣಗಿದ್ದ ಬಾನೆಟ್ಟನ್ನು ಮತ್ತೊಮ್ಮೆ ಮುಟ್ಟಿದರು. ಆಗಲೇ ಅವರಿಗೆ ಆ ಬಿಸಿಯ ಅರ್ಥ ಹೊಳೆದದ್ದು.

"ನಿಮ್ಮಕ್ಕನಿಗೆ ಏನಂತ ಹೇಳ್ಲಿ?" ಎಂದರು.