ಹಾಜಿರಾಳ ಕರಿ ಐದು

ಹಾಜಿರಾ ಹುಟ್ಟಿದ್ದು ರಾಮನಗರದ ನಮ್ಮ ಹಿಂದಿನ ಓಣಿಯಲ್ಲಿ, ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ. ಹದಿನಾಲ್ಕು ವರ್ಷದವರೆಗೆ ಬಿಸಿನೀರಿನಲ್ಲಿ ಬೆರಳಾಡಿಸಿ ಗೂಡಿನ ಎಳೆ ಹುಡುಕುತ್ತಿದ್ದವಳು ಹದಿನೈದಕ್ಕೆ ಪೌರಾಣಿಕ ನಾಟಕದ ವೇದಿಕೆ ಹತ್ತಿದಳು. ನಮ್ಮ ಸೀಮೆಯಲ್ಲಿ ರಾಜ, ಮಂತ್ರಿ, ರಾಕ್ಷಸ ಎಲ್ಲ ಊರಿನ ಗಂಡಸರೇ; ರಾಣಿಯನ್ನು ಮಾತ್ರ ಪೇಟೆಯಿಂದ ಕರೆಸುತ್ತಾರೆ. ಮಾಗಡಿಯಿಂದ ಉಯ್ಯಂಬಳ್ಳಿಯವರೆಗೆ ಮೂವತ್ತು ವರ್ಷ ಇವಳನ್ನೇ ಕರೆಸಿದರು. ಮೊಮ್ಮಕ್ಕಳಾದ ಮೇಲೂ ಕರಪತ್ರದಲ್ಲಿ ‘ಕುಮಾರಿ ಹಾಜಿರಾ’ ಎಂದೇ ಅಚ್ಚಾಗುತ್ತಿತ್ತು.

ಅವಳ ಹೆಮ್ಮೆಯೆಲ್ಲ ಶ್ರುತಿಯದು. ಹಾರ್ಮೋನಿಯಂನ ಕೀಲಿಗೆ ನಾಟಕದವರು ಮನೆ ಎನ್ನುತ್ತಾರೆ; ಅದರ ಐದನೆಯ ಕರಿ ಮನೆಯನ್ನು ಷಡ್ಜ ಮಾಡಿಕೊಂಡು ಹಾಡುವ ಹೆಂಗಸು ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ. “ನಂದು ಕರಿ ಐದು,” ಎಂದು ಯಾರೂ ಕೇಳದೆಯೇ ಹೇಳುತ್ತಿದ್ದಳು. ಉಳಿದ ನಟಿಯರ ಬಗ್ಗೆ ಮಾತೆತ್ತಿದರೆ ಅವರ ಮನೆ ಎಷ್ಟು ಕೆಳಗಿನದು ಎಂದು ಎಣಿಸಿ ತೋರಿಸುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆಯುತ್ತಲೇ ಬಿಡದಿಯ ಸುತ್ತ ಕಾರ್ಖಾನೆಗಳು ಎದ್ದವು. ಅಲ್ಲಿ ಕೆಲಸಕ್ಕೆ ಸೇರಿದ ಹಳ್ಳಿಯ ಹುಡುಗರು ನಾಟಕದ ಹುಚ್ಚನ್ನೂ ಜೊತೆಗೇ ಒಯ್ದರು. ಒಂದು ಕಾರ್ಖಾನೆಯ ಕಾರ್ಮಿಕರ ಸಂಘ ಪ್ರತಿ ನವೆಂಬರಿನ ಒಂದು ಭಾನುವಾರ, ಶಿಫ್ಟಿಗೆ ಅಡ್ಡಿಯಾಗದಂತೆ ಬೆಳಿಗ್ಗೆ ಹತ್ತಕ್ಕೆ, ಶೆಡ್ಡಿನ ಪಕ್ಕದ ಬಯಲಿನಲ್ಲಿ ನಾಟಕ ಆಡುತ್ತಿತ್ತು. ಹತ್ತಾರು ಊರಿನವರು ಒಂದೇ ಕಡೆ ಸೇರುವ ಜಾಗ ಅದು. ಅಲ್ಲಿ ರಾಣಿಯಾದವಳಿಗೆ ವರ್ಷವಿಡೀ ಕರೆ ಬರುತ್ತಿತ್ತು. ಐದು ವರ್ಷ ಹಾಜಿರಾ ಅಲ್ಲಿಯ ರಾಣಿ.

ಎರಡು ಸಾವಿರದ ಆರರಲ್ಲಿ ಸಖಿಯ ಪಾತ್ರಕ್ಕೆ ಕನಕಪುರದ ಶ್ವೇತ ಬಂದಳು. ವಯಸ್ಸು ಇಪ್ಪತ್ತೊಂದು. ಹಾಜಿರಾ ಕಟ್ಟುಗೂದಲ ಸವರಿಯನ್ನು ಪಿನ್ನು ಚುಚ್ಚಿ ಕೂರಿಸಿಕೊಳ್ಳುತ್ತಿದ್ದರೆ ಆ ಹುಡುಗಿ ತನ್ನದೇ ಜಡೆಯನ್ನು ಹಿಂದಕ್ಕೆಸೆದು ಎದ್ದುಬಿಟ್ಟಳು. ಕಾರ್ಮಿಕರು ಮೊಬೈಲ್ ಹಿಡಿದು ಅವಳ ಜೊತೆ ಫೋಟೋಗೆ ಸಾಲು ನಿಂತರು. ಒಬ್ಬ ಹಾಜಿರಾಳ ಕೈಗೆ ಮೊಬೈಲ್ ಕೊಟ್ಟು, “ಅಮ್ಮಾ, ಒಸಿ ತೆಗೀರಿ,” ಎಂದ. ಅವಳು ತೆಗೆದಳು, ಹುಡುಗಿಯ ತಲೆ ಕತ್ತರಿಸಿ ತೆಗೆದಳು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ, ಅಂದಿನ ರಾಜ ಜಯಕುಮಾರ್, ಮೀಸೆ ಅಂಟಿಸಿಕೊಳ್ಳುತ್ತ, “ಮುಂದಿನ್ ವರ್ಸದ ರಾಣಿ ಯಾರು ಅಂತ ಕಮಿಟಿ ಇವತ್ತೇ ನೋಡ್ತೈತೆ,” ಎಂದ.

ಹಾಜಿರಾ ನೇರ ಹಾರ್ಮೋನಿಯಂ ಮೇಷ್ಟ್ರು ಹನುಮಂತಯ್ಯನ ಬಳಿ ಹೋದಳು. ಹಳ್ಳಿಯಾಗಲಿ ಕಾರ್ಖಾನೆಯಾಗಲಿ, ಇಪ್ಪತ್ತು ವರ್ಷದಿಂದ ಅವಳಿಗೆ ಶ್ರುತಿ ಕೊಡುವವನು ಅವನೇ.

“ಮೇಷ್ಟ್ರೇ, ಆ ಮಗೀಗೆ ನಂಗಿಂತ ಒಂದು ಮನೆ ಮ್ಯಾಲೆ ಕೊಡಿ.”

“ಯಾಕವ್ವ, ಅವ್ಳು ಕೇಳಿದ್ಲಾ?”

“ಬಾಳ ಹಾಡ್ತಾಳಂತಲ್ಲ. ಹಾಡ್ಲಿ, ನೋಡಾನ.”

“ನಿಂಗಿಂತ ಒಂದೇ ಮನೆಯಾ?”

“ಒಂದೇ ಸಾಕು. ಗಂಟ್ಲು ಕಿತ್ಕಂಡು ಬತ್ತೈತೆ.”

ಮೇಷ್ಟ್ರು ಹಾರ್ಮೋನಿಯಂ ಹತ್ತಿರಕ್ಕೆಳೆದುಕೊಂಡು, “ಆಯ್ತು ಬುಡು, ನೀನೇಳ್ದಂಗೇ ಆಗ್ಲಿ,” ಎಂದ.

ಶ್ವೇತಳ ಹಾಡು ಬಂತು. ಹಾಜಿರಾ ಪರದೆಯ ಮರೆಯಲ್ಲಿ ನಿಂತು ಆ ಗಂಟಲು ಒಡೆಯುವುದನ್ನು ಕಾದಳು. ಒಡೆಯಲಿಲ್ಲ. ಹುಡುಗಿ ಮೇಲಿನ ಸ್ವರಕ್ಕೆ ಹೋಗಿ, ಅಲ್ಲೇ ಒಂದು ಕ್ಷಣ ನಿಂತು, ಅವಸರವಿಲ್ಲದೆ ಇಳಿದಳು. ಬಯಲೆಲ್ಲ ‘ಒನ್ಸ್ ಮೋರ್’ ಎಂದಿತು.

ವಿರಾಮದಲ್ಲಿ ನಡೆದದ್ದನ್ನು ಹಾಜಿರಾ, ಮೇಷ್ಟ್ರು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ, ಮಾತಿನಲ್ಲಿ ವ್ಯತ್ಯಾಸವಿಲ್ಲ.

“ನೀವು ಏರಿಸ್ನಿಲ್ಲ.”

“ನಿಂಗಿಂತ ಒಂದು ಮನೆ ಮ್ಯಾಲೇ ಕೊಟ್ಟಿವ್ನಿ.”

“ಕರಿ ಐದರ ಮ್ಯಾಲೆ ಅಂಗೆ ಹಾಡಾಕೆ ಅವ್ಳೇನು ಪಿಳ್ಳಂಗೋವಿಯಾ?”

ಮೇಷ್ಟ್ರು ಬಿಳಿ ಐದರ ಮೇಲೆ ಬೆರಳಿಟ್ಟ. “ನಿಂಗೆ ಕೊಡೋದು ಇದು. ಆರು ವರ್ಸದಿಂದ ಒಸಿ ಒಸಿ ಇಳಿಸ್ಕಂಡು ಬಂದಿವ್ನಿ. ಮೂರು ಮನೆ.” ಆಮೇಲೆ ಪಕ್ಕದ ಕರಿ ನಾಲ್ಕನ್ನು ಮುಟ್ಟಿದ. “ಇದು ಅವ್ಳ ಮಾಮೂಲಿ ಮನೆ.”

“ಯಾರು ಹೇಳಿದ್ರು ಇಳಿಸಿ ಅಂತ?”

“ನಿನ್ ಗಂಟ್ಲೇ ಹೇಳ್ತು.”

“ನಂಗ್ಯಾಕೆ ಹೇಳ್ನಿಲ್ಲ?”

“ಹೇಳಿದ್ರೆ ಒಪ್ತಿದ್ದಾ ನೀನು?”

ಇದು ಸಾಧ್ಯವೇ ಎಂದು ಓದುವವರಿಗೆ ಅನ್ನಿಸಬಹುದು. ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳಾಗಿ ಹೇಳುತ್ತೇನೆ: ಸಾಧ್ಯ. ಕಿವಿ ಸ್ವರಗಳ ನಡುವಿನ ಅಂತರವನ್ನು ಅಳೆಯುತ್ತದೆ, ಸ್ವರದ ಎತ್ತರವನ್ನಲ್ಲ. ಎರಡು ವರ್ಷಕ್ಕೊಂದು ಮನೆ ಜಾರಿದರೆ ಹೆಚ್ಚಿನವರಿಗೆ ತಿಳಿಯುವುದಿಲ್ಲ. ವೇದಿಕೆಯ ಕೆಳಗೆ ಕೂತ ಮೇಷ್ಟ್ರ ಬೆರಳನ್ನು ಅವಳು ನೋಡಿದವಳೂ ಅಲ್ಲ.

“ಈಗ ಕರಿ ಐದೇ ಕೊಡಿ,” ಎಂದಳು ಹಾಜಿರಾ.

“ಜನದ ಮುಂದೆ ಬ್ಯಾಡ, ಹಾಜಿರಮ್ಮ.”

“ಕೊಡಿ.”

ಕೊಟ್ಟ. ರಾಣಿಯ ಶೋಕದ ಹಾಡಿನ ಮೊದಲ ಸಾಲು ಶ್ರುತಿಯಲ್ಲಿ ನಿಂತಿತು. ಎರಡನೆಯದು ಮೇಲೇರುವಾಗ ದನಿ ಸೀಳಿತು, ಆಮೇಲೆ ಗಾಳಿ ಮಾತ್ರ ಬಂತು. ರಾಣಿ ಅಳುತ್ತಿದ್ದಾಳೆಂದು ಜನ ಸುಮ್ಮನಿದ್ದರು. ಆಗ ಸಖಿಯಾಗಿ ಪಕ್ಕದಲ್ಲಿ ನಿಂತಿದ್ದ ಶ್ವೇತ ಅವಳ ಕೈಹಿಡಿದು ಉಳಿದ ಸಾಲನ್ನು ತಾನು ಹಾಡಿದಳು. ಈ ಸಲ ನಿಜವಾದ ಕರಿ ಐದರಲ್ಲೇ. ಕೊನೆಯ ಸ್ವರ ಕಷ್ಟದಿಂದ ಮುಟ್ಟಿದಳು, ಆದರೆ ಮುಟ್ಟಿದಳು. ಚಪ್ಪಾಳೆ ಬಿತ್ತು.

ಕಮಿಟಿ ಹೆಚ್ಚು ಚರ್ಚಿಸಲಿಲ್ಲ. ಮರುವರ್ಷ ಶ್ವೇತ ರಾಣಿ, ಹಾಜಿರಾ ರಾಜಮಾತೆ. ಕಾರ್ಖಾನೆಯಲ್ಲಿ ಕಂಡದ್ದನ್ನು ಹಳ್ಳಿಗಳೂ ಅನುಸರಿಸಿದವು. ಹಾಜಿರಾ ಮಾತೆಯಾಗಿ ಇನ್ನೂ ಹಾಡುತ್ತಾಳೆ, ಹಾಡುವ ಮುಂಚೆ ಕೆಳಗಿಳಿದು ಮೇಷ್ಟ್ರ ಬೆರಳು ಎಲ್ಲಿದೆಯೆಂದು ನೋಡಿ ಹೋಗುತ್ತಾಳೆ.

ಮೇಷ್ಟ್ರ ಮೇಲೆ ಅವಳಿಗೆ ಈಗ ಕೋಪವಿಲ್ಲ. ಹುಡುಗಿಯ ಮೇಲಿದೆ. “ನನ್ ಕೈ ಯಾಕೆ ಹಿಡ್ಕಬೇಕಾಗಿತ್ತು ಅವ್ಳು? ಒಡ್ದೋದ್ರೆ ಒಡ್ದೋಗ್ಲಿ ಅಂತ ಬುಡಬೇಕಾಗಿತ್ತು,” ಎನ್ನುತ್ತಾಳೆ. ಹೋದ ವರ್ಷ ನಮ್ಮ ಜಗಲಿಯಲ್ಲಿ ಕೂತು, ಶ್ವೇತ ಮೇಲಿನ ಸ್ವರಗಳನ್ನು ಮೂಗಿನಲ್ಲಿ ಹಾಡುತ್ತಾಳೆ, ಬೇಕಾದರೆ ಕೇಳಿ ನೋಡಿ ಎಂದಳು. ನಾನು ಚನ್ನಪಟ್ಟಣದ ಒಂದು ನಾಟಕಕ್ಕೆ ಹೋಗಿ ಕೇಳಿದೆ. ಮೂಗಿನ ಸದ್ದೇನೂ ಇರಲಿಲ್ಲ. ಹಾಗೆಂದು ಹಾಜಿರಾಳಿಗೆ ಹೇಳಿದೆ. ಎರಡು ತಿಂಗಳು ಅವಳು ನಮ್ಮ ಮನೆಯ ಕಡೆ ಬರಲಿಲ್ಲ.